ಫೋಟೋ ಅಂಟಿಸಿದರೆ ಕಾವಲು ಆಗದು

ಮಾನ್ಯರೇ,

ಪೋಕ್ಸೊ ಪ್ರಕರಣದಲ್ಲಿ ಜೈಲು ಸೇರಿದ್ದವನೊಬ್ಬ ಶಿಕ್ಷೆ ಮುಗಿಸಿ ಮಲ್ಪೆ ಸಮೀಪದ ನಿಮ್ಮ ಊರಿಗೆ ಮರಳಿದ್ದಾನೆ, ರೌಡಿಶೀಟ್ ತೆರೆದು ಪಂಚಾಯತಿಯಲ್ಲಿ ಫೋಟೋ ಹಾಕಬಾರದೇ ಎಂದು ಕೇಳಿದ್ದೀರಿ.

ನಿಮ್ಮ ಆತಂಕ ಸರಿಯಾದದ್ದೇ. ಆದರೆ ಫೋಟೋ ಬೇಡ. ದೌರ್ಜನ್ಯ ಎಸಗುವವರು ಹೆಚ್ಚಾಗಿ ಮಗುವಿಗೆ ಗೊತ್ತಿದ್ದವರೇ. ಅವನ ಮುಖ ಗೋಡೆ ಏರಿದರೆ ಮಗು ಯಾರದೆಂದು ಊರೆಲ್ಲ ಊಹಿಸುತ್ತದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದಲೇ ಇದೆ, ಪೊಲೀಸರ ಬಳಕೆಗೆ ಮಾತ್ರ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಅವನು ಈಗ ಯಾರ ಮನೆಯಲ್ಲಿದ್ದಾನೆಂದು ವಿಚಾರಿಸುವವರು ಹುಟ್ಟಿಕೊಳ್ಳುವುದಿಲ್ಲ.

ಬೇಕಾದದ್ದು ಇಂಥವರ ಮೇಲ್ವಿಚಾರಣೆಗೂ ಚಿಕಿತ್ಸೆಗೂ ಇಡೀ ರಾಜ್ಯಕ್ಕೆ ಒಂದೇ ಲಿಖಿತ ಮಾನದಂಡ. ಅಮೆರಿಕದ ಕೊಲರಾಡೊ 1992ರಲ್ಲಿ ಇದಕ್ಕೆಂದೇ ಮಂಡಳಿ ರಚಿಸಿತು. ಮೇಲ್ವಿಚಾರಣಾ ಅಧಿಕಾರಿ, ಚಿಕಿತ್ಸಕ, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ತಜ್ಞ ಅಲ್ಲಿ ಒಂದೇ ತಂಡ. ಕಡ್ಡಾಯ ಪಾಲಿಗ್ರಾಫನ್ನು ನಾವು ಬಿಡಲೇಬೇಕು: ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ, ನಮ್ಮ ರಾಜ್ಯದ ಸೆಲ್ವಿ ಪ್ರಕರಣದಲ್ಲೇ ಹೇಳಿದೆ.

ಮೊದಲ ಹೆಜ್ಜೆ, ಬಿಡುಗಡೆಗೆ ಮುಂಚೆ, ಮತ್ತೆ ಅಪರಾಧ ಎಸಗುವ ಅಪಾಯದ ಅಳತೆ. ವಯಸ್ಕ ಪುರುಷರಿಗೆ ಬಳಸುವ ಸ್ಟ್ಯಾಟಿಕ್-99ಆರ್ ಎಂಬ, ಅಂಕ ಕೊಟ್ಟು ಅಪಾಯ ಅಳೆಯುವ ಪಟ್ಟಿಯಲ್ಲಿ 10 ಅಂಶಗಳಿವೆ: ವಯಸ್ಸು, ಹಿಂದಿನ ಪ್ರಕರಣಗಳು, ಸಂತ್ರಸ್ತರಲ್ಲಿ ಅಪರಿಚಿತರಿದ್ದರೇ ಇತ್ಯಾದಿ. ಹಳೆಯ ಕೇಸು ಬೇರೆ ಜಿಲ್ಲೆಯ ಠಾಣೆಯಲ್ಲಿ ಉಳಿದುಹೋದರೆ ಅಂಕ ಸುಳ್ಳಾಗಿ ಇಳಿಯುತ್ತದೆ. ಕುಡಿತ, ನಿರುದ್ಯೋಗ, ಮಕ್ಕಳತ್ತ ಸೆಳೆತ ಇಂಥ ಬದಲಾಗಬಲ್ಲ ಸಂಗತಿಗಳನ್ನು ಬೇರೆಯಾಗಿಯೇ ಅಳೆಯಬೇಕು. ಚಿಕಿತ್ಸೆ ಹಿಡಿಯಬೇಕಾದದ್ದು ಅವನ್ನೇ. ಕಡಿಮೆ ಅಪಾಯದವನನ್ನು ಹೆಚ್ಚು ಅಪಾಯದವರ ಗುಂಪಿಗೆ ಸೇರಿಸಿದರೆ ಅವನು ಕೆಡುವ ಸಂಭವವೇ ಹೆಚ್ಚು.

ವ್ಯವಸ್ಥೆ ಹದಗೆಡುವುದು ಚಿಕಿತ್ಸಕ ಮತ್ತು ಮೇಲ್ವಿಚಾರಣಾ ಅಧಿಕಾರಿಯ ನಡುವಿನ ಮೌನದಲ್ಲಿ. ಗುಂಪು ಚಿಕಿತ್ಸೆಗೆ ಚಕ್ಕರ್ ಹಾಕಿದ ಸುದ್ದಿ ತಿಂಗಳ ವರದಿಯಲ್ಲಿ ಬಂದರೆ ಏನು ಪ್ರಯೋಜನ? 24 ಗಂಟೆಯೊಳಗೆ ಪ್ರೊಬೇಷನ್ (ಮೇಲ್ವಿಚಾರಣಾ) ಅಧಿಕಾರಿಗೆ ತಿಳಿಯಬೇಕು, ಅದಕ್ಕೆ ಲಿಖಿತ ಒಪ್ಪಿಗೆಯನ್ನು ಚಿಕಿತ್ಸೆಯ ಮೊದಲ ದಿನವೇ ಪಡೆದಿರಬೇಕು. ಷರತ್ತೂ ಪರೀಕ್ಷಿಸುವಂತಿರಲಿ. "ಮಕ್ಕಳಿಂದ ದೂರವಿರು" ಎಂದರೆ ಯಾರೂ ನೋಡಲಾರರು. "ಶಾಲಾ ವ್ಯಾನ್ ಓಡಿಸಬಾರದು, ಟ್ಯೂಷನ್ ಕೊಡಬಾರದು" ಎಂದರೆ ಬೀಟ್ ಪೊಲೀಸರೂ ನೋಡಬಲ್ಲರು.

ಆಳಸಮುದ್ರದ ಬೋಟಿಗೆ ಹೋಗುವವನಿಗೆ ವಾರದ ಹಾಜರಿ ವಿಧಿಸಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಅಪಾಯ ಏರುತ್ತದೆ. ಬೋಟು ದಡ ಸೇರಿದ ಮರುದಿನ ಹಾಜರಿ ಇಡಿ. ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ, ಅವನು ಮನೆಯಲ್ಲೇ ಇರುವಾಗ, ಭೇಟಿ ಹೆಚ್ಚಿಸಿ.

ಇವೆಲ್ಲ ಪೆರೋಲ್ ಅಥವಾ ಷರತ್ತಿನ ಬಿಡುಗಡೆಗೆ ಸರಿ. ಪೂರ್ತಿ ಶಿಕ್ಷೆ ಮುಗಿಸಿದವನ ವಿಷಯದಲ್ಲಿ ಕಾನೂನು ತೆಳುವಾಗಿದೆ: ವಿಳಾಸ ತಿಳಿಸುತ್ತಿರಬೇಕೆಂದು ನ್ಯಾಯಾಲಯ ಆದೇಶಿಸಬಹುದು, ಗರಿಷ್ಠ 5 ವರ್ಷ, ಅದೂ ಗಂಭೀರ ಅಪರಾಧದಲ್ಲಿ ಎರಡನೇ ಬಾರಿ ಶಿಕ್ಷೆಯಾದವನಿಗೆ. ನಿಮ್ಮ ಶಾಸಕರಲ್ಲಿ ಕೇಳಬೇಕಾದದ್ದು ಈ ಕಾನೂನಿನ ತಿದ್ದುಪಡಿಯನ್ನೇ. ಮಗುವಿನ ಬಗ್ಗೆ ಈಗಲೇ ಅನುಮಾನವಿದ್ದರೆ ಮಾತ್ರ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

- ಸಂಪಾದಕ