ದೊಡ್ಡ ಕ್ಯಾನ್ವಾಸ್‌ನ ಬಿಳಿಯನ್ನು ಮೊದಲು ಮುಚ್ಚಿಬಿಡಿ

ಆರಡಿ ಉದ್ದದ ಕ್ಯಾನ್ವಾಸ್ ತಂದು ಮೂರು ವಾರವಾಯಿತು, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಜಾಗ ಬಿಡಿಸಬೇಕು, ಆದರೆ ಕೈ ಏಳುತ್ತಿಲ್ಲ ಅಂತ ಕೇಳಿದ್ದೀರಿ. ಹೆದರಿಸುತ್ತಿರುವುದು ಆ ಬಿಳಿ. ಬರ್ನ್ಟ್ ಸಿಯೆನ್ನಾ (ಕೆಂಗಂದು) ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಗೋಡೆಗೆ ಹೊಡೆಯುವ ಮೂರಿಂಚಿನ ಬ್ರಷ್‌ನಲ್ಲಿ ಪೂರ್ತಿ ತೆಳ್ಳಗೆ ಬಳಿಯಿರಿ. ಆರುವ ಮೊದಲೇ ಹಳೇ ಬನಿಯನ್ ಬಟ್ಟೆಯಿಂದ ಬೆಳಕಿನ ಜಾಗ ಒರೆಸಿ. ಹೊಳೆ ಅಲ್ಲೇ ಕಾಣಿಸತೊಡಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಆಯಿಲ್ ಪೇಂಟ್ ಹಾಕಬಹುದು. ಆಯಿಲ್ ಮೇಲೆ ಅಕ್ರಿಲಿಕ್ ಮಾತ್ರ ಬೇಡ, ಹಿಡಿಯುವುದಿಲ್ಲ.

ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಕಲೆ ನೋಡಿದ್ದೀರಲ್ವಾ? ಸುಣ್ಣದ ಗಾರೆ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಬಿಳಿ ತೆಗೆಯುವ ಕೆಲಸ ಅದು. ನನಗೆ ಧೈರ್ಯ ಬಂದದ್ದು ಅದನ್ನು ನೋಡಿಯೇ.

ನದಿ ದಡದ ಕೋಡಿಬಾಗದಲ್ಲಿ ಕೂತು ಅಂಗೈಯಗಲದ ನಾಲ್ಕೈದು ಸ್ಕೆಚ್ ಮಾಡಿ. ಸದಾಶಿವಗಡದ ಗುಡ್ಡ, ನೀರು, ಆಕಾಶ. ಮೂರೇ ಆಕಾರ ಸಾಕು, ಸೇತುವೆ, ದೋಣಿ ಎಲ್ಲ ಆಮೇಲೆ. ಒಂದನ್ನು ಆರಿಸಿ, ಸ್ಕೆಚ್ ಮೇಲೂ ಕ್ಯಾನ್ವಾಸ್ ಮೇಲೂ ಅಷ್ಟೇ ಚೌಕುಳಿ ಎಳೆದು, ಒಂದೊಂದೇ ಚೌಕ ನೋಡಿ ದೊಡ್ಡದು ಮಾಡಿ. ಕೈ ಭುಜದಿಂದ ಬೀಸಲಿ. ಆಗಾಗ ಬಾಗಿಲ ತನಕ ಹಿಂದೆ ಸರಿದು ನೋಡಿ. ಮೊದಲ ದಿನ ಚಿತ್ರ ಚೆನ್ನಾಗಿ ಕಾಣುವುದಿಲ್ಲ, ಆದರೂ ಅಳಿಸಬೇಡಿ. ಮಾರನೇ ದಿನ ಬೆಳಗಿನ ಬೆಳಕಲ್ಲಿ ಮತ್ತೆ ನೋಡಿ, ಆಮೇಲೆ ಇಲ್ಲೇ ಒಂದು ಫೋಟೋ ಹಾಕಿ.