ಕಚ್ಚಿದ ಗಾಯ ಮುಚ್ಚಿದ ಮೇಲೆ ಕೀವು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮನೆ ಬೈತಖೋಲ ಹತ್ರ, ಮೀನು ಬರೋ ಜಾಗ ಅಂದ್ಮೇಲೆ ಬೆಕ್ಕುಗಳ ಜಗಳ ದಿನಾ ಇದ್ದದ್ದೇ. ನಮ್ಮ ಗಂಡುಬೆಕ್ಕಿಗೆ ಬಾಲದ ಬುಡದಲ್ಲಿ ಯಾವ್ದೋ ಬೆಕ್ಕು ಕಚ್ಚಿತ್ತು, ಗಾಯ ಒಣಗಿತು ಅಂದ್ಕೊಂಡ್ರೆ ನಾಲ್ಕೈದು ದಿನಕ್ಕೆ ನಿಂಬೆಹಣ್ಣಿನಷ್ಟು ಊದಿ ಒಡೆದು ಕಂದು ಕೀವು, ಮನೆ ತುಂಬಾ ಕೊಳೆತ ನಾತ. ಅರಿಶಿನ ಮೆತ್ತಿದ್ದೇನೆ. ಮನೇಲಿ ಉಳಿದಿರೋ ಜೆಂಟಾಮೈಸಿನ್ ಆ್ಯಂಟಿಬಯೋಟಿಕ್ ಹಾಕ್ಬಹುದಾ?
– ಓದುಗರು, ಕಾರವಾರ

ಉತ್ತರ: ಬೇಡ, ಅದು ಇಲ್ಲಿ ನಡೆಯೋದಿಲ್ಲ. ಬೆಕ್ಕಿನ ಕೋರೆಹಲ್ಲು ಚೂಪು, ಮೇಲೆ ಕಾಣೋದು ಸೂಜಿ ಚುಚ್ಚಿದಷ್ಟೇ ತೂತು, ಅದೂ ಕೂದಲಡಿಗೆ, ಒಂದೆರಡು ದಿನದಲ್ಲಿ ಮುಚ್ಚಿಹೋಗ್ತದೆ, ಆದ್ರೆ ಬಾಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೇ ಉಳೀತು. ಪಾಶ್ಚುರೆಲ್ಲಾ ಥರದವು ಅಲ್ಲಿರೋ ಆಕ್ಸಿಜನ್ ಖಾಲಿ ಮಾಡ್ತಾವೆ, ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಾಯ್ಡಿಸ್, ಫ್ಯೂಸೋಬ್ಯಾಕ್ಟೀರಿಯಂ ಜೋರಾಗ್ತಾವೆ. ನಾತ ಇವುಗಳದ್ದು. ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಒಳಗೆ ಹೋಗೋದಕ್ಕೇ ಆಕ್ಸಿಜನ್ ಬೇಕು, ಅದಕ್ಕೇ ಇವುಗಳಿಗೆ ತಾಗೋದಿಲ್ಲ, ಇಂಜೆಕ್ಷನ್ ಆಗಿ ಕೊಟ್ರೆ ಕಿಡ್ನಿಗೆ ಪೆಟ್ಟು ಬೇರೆ.

ಇವತ್ತೇ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೂದಲು ಬೋಳಿಸಿ, ಗಾಯ ಅಗಲ ಮಾಡಿ, ಕೀವು ಹಿಂಡಿ, ಸತ್ತ ಚರ್ಮ ಕತ್ತರಿಸಿ, ಸಲೈನ್‌ನಲ್ಲಿ ತೊಳೀತಾರೆ. ದೊಡ್ಡದಿದ್ರೆ ಸಣ್ಣ ರಬ್ಬರ್ ನಳಿಗೆ ಇಟ್ಟು ಕೆಲವು ದಿನ ಸೋರೋಕೆ ಬಿಡ್ತಾರೆ. ನನ್ನ ಕೇಳಿದ್ರೆ ಮುಕ್ಕಾಲು ಚಿಕಿತ್ಸೆ ಇದೇ, ಕೀವು ಒಳಗಿಟ್ಟು ಎಂಥ ಮಾತ್ರೆ ಕೊಟ್ರೂ ಪ್ರಯೋಜನ ಕಡಿಮೆ. ಅರಿಶಿನ ಮೆತ್ತಿದ್ರೆ ಗಾಯದ ಬಾಯಿ ಮತ್ತೆ ಕಟ್ಕೊಳ್ತದೆ, ಅದನ್ನ ಬಿಡಿ. ಜೊತೆಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅಥವಾ ಕ್ಲಿಂಡಾಮೈಸಿನ್, ಕೆಲವೊಮ್ಮೆ ಮೆಟ್ರೋನಿಡಜೋಲ್ ಬರೀತಾರೆ. ಮೆಟ್ರೋನಿಡಜೋಲ್ ಭಾರೀ ಕಹಿ, ಬಾಯಲ್ಲಿ ನೊರೆ ಬಂದ್ರೆ ಹೆದರ್ಬೇಡಿ, ಆದ್ರೆ ತೂರಾಡಿದ್ರೆ, ಕಣ್ಣುಗುಡ್ಡೆ ಅತ್ತಿತ್ತ ಆಡಿದ್ರೆ ಡೋಸ್ ಜಾಸ್ತಿಯಾಗಿರ್ಬಹುದು, ತಕ್ಷಣ ಫೋನ್ ಮಾಡಿ. ಜ್ವರ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಡ್ಲೇಬೇಡಿ, ಬೆಕ್ಕಿಗೆ ಅದು ವಿಷ.

ಕಚ್ಚಿದ್ದು ಯಾವ ಬೆಕ್ಕೋ ಗೊತ್ತಿಲ್ಲ ಅಂತೀರಿ, ಹಂಗಾಗಿ ರೇಬೀಸ್ ಲಸಿಕೆ ವಿಷಯವೂ ಅಲ್ಲೇ ಕೇಳಿ, ಗ್ಲೌಸ್ ಹಾಕ್ಕೊಂಡೇ ಮುಟ್ಟಿ. ನಿಮ್ಗೇ ಕಚ್ಚಿದ್ರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಮುದಿ ನಾಯಿ ಬಾಯಿ ನಾರ್ತದೆ, ಮಾತ್ರೆ ಕೊಟ್ಟಾಗ ಕಡಿಮೆ, ಬಿಟ್ರೆ ಮತ್ತೆ ಶುರು.
– ಓದುಗರು, ಶಿರಸಿ

ಉತ್ತರ: ವಸಡಿನ ಸಂದಿಯಲ್ಲೂ ಇದೇ ಥರದ ಗಾಳಿ ಬೇಡದ ಬ್ಯಾಕ್ಟೀರಿಯಾನೇ. ಹಲ್ಲಿನ ಪಾಚಿ ಹಾಗೇ ಇಟ್ಟು ಮಾತ್ರೆ ಕೊಟ್ರೆ ಹಿಂಗೇ ಆಗೋದು, ಅರಿವಳಿಕೆ ಕೊಟ್ಟು ಕ್ಲೀನ್ ಮಾಡಿಸಿ, ಅಲುಗೋ ಹಲ್ಲು ಕೀಳಿಸಿ. ವಯಸ್ಸಾಗಿದೆಯಲ್ಲ, ಮೊದಲು ರಕ್ತ ಪರೀಕ್ಷೆ ಮಾಡ್ಸಿ.