ಕಥೆಯಲ್ಲಿಲ್ಲದ ಬೆಕ್ಕು ಚಿತ್ರದಲ್ಲೇಕೆ?

ಪತ್ರದ ಸಾರ: ‘ನನ್ನ ಮೊದಲ ಮಕ್ಕಳ ಪುಸ್ತಕ ತಯಾರಾಗ್ತಿದೆ. ಕಳೆದುಹೋದ ಒಂಟಿ ಶೂ ಹುಡುಕುವ ಹುಡುಗಿಯ ಕಥೆ. ಚಿತ್ರಗಳ ಪೆನ್ಸಿಲ್ ರಫ್ ಬಂದಿದೆ. ಎರಡು ಜಡೆ ಅಂತ ಬರೆದಿದ್ದೆ, ಗಿಡ್ಡ ಕೂದಲು ಬಿಡಿಸಿದ್ದಾರೆ. ಕಥೆಯಲ್ಲೇ ಇಲ್ಲದ ಬೆಕ್ಕು ಪುಟಪುಟಕ್ಕೂ ಇದೆ. ಕಥೆ ನನ್ನದು, ಚಿತ್ರ ನಾನು ಹೇಳಿದ ಹಾಗೇ ಬರಬೇಕಲ್ವಾ? ಕಲಾವಿದರ ನಂಬರ್ ಕೇಳಿದರೆ ಪ್ರಕಾಶಕರು ಕೊಡುತ್ತಿಲ್ಲ.’

ಸಂಪಾದಕರ ಉತ್ತರ:

ನೀವು ಜೊತೆಗಿಟ್ಟಿದ್ದ ರಫ್ ಪುಟಗಳನ್ನೂ ನೋಡಿದೆ. ಮೊದಲು ಜಡೆಯ ವಿಷಯ ಮುಗಿಸೋಣ. ಕಥೆಯಲ್ಲಿ ಆ ಜಡೆಗೆ ಏನಾದರೂ ಕೆಲಸ ಇದೆಯಾ? ಯಾರಾದರೂ ಹಿಡಿದು ಎಳೀತಾರಾ, ಎಲ್ಲಾದರೂ ಸಿಕ್ಕಿಕೊಳ್ಳುತ್ತಾ? ಇಲ್ಲ. ಹಾಗಾದರೆ ಬಿಟ್ಟುಬಿಡಿ. ಕಥೆ ನಡೆಯೋಕೆ ಬೇಕಾದದ್ದನ್ನು ಮಾತ್ರ ಬರಹಗಾರರು ಹಟ ಹಿಡಿದು ಕೇಳಬೇಕು. ಹುಡುಗಿಯ ಒಂದು ಕಾಲು ಬರಿಗಾಲಾಗಿರಬೇಕು ಅನ್ನೋದು ಅಂಥದ್ದು.

ಚಿತ್ರಪುಸ್ತಕದಲ್ಲಿ ಕಥೆ ಹೇಳುವವರು ಇಬ್ಬರು. ನಿಮ್ಮ ಆರನೇ ಪುಟವನ್ನೇ ನೋಡಿ: ‘ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು, ಒಂದೇ ಶೂ ಹಾಕಿಕೊಂಡು, ಮೆಟ್ಟಿಲ ಮೇಲೆ ಕೂತಿದ್ದಳು. ಬಸ್ ಬರುವ ಹೊತ್ತಾಗಿತ್ತು.’ ಮುಖ, ಶೂ, ಮೆಟ್ಟಿಲು ಎಲ್ಲವೂ ಚಿತ್ರದಲ್ಲಿ ಕಾಣುತ್ತಿವೆ. ಕಾಣದ್ದು ಹೊತ್ತು ಮಾತ್ರ. ಮೊದಲ ವಾಕ್ಯ ಹೊಡೆದುಹಾಕಿ, ಎರಡನೆಯದನ್ನು ಉಳಿಸಿ ಓದಿ ನೋಡಿ. ಆತಂಕ ಜಾಸ್ತಿ ಆಗುತ್ತೆ. ರಫ್ ಬಂದ ಮೇಲೆ ಹೀಗೆ ಮಾತು ಕಡಿಮೆ ಮಾಡುವುದು ಬರಹಗಾರರ ಕೆಲಸವೇ.

ಚಿತ್ರ ನೋಡಿ ಬರಹ ಬದಲಾಗೋದು ಹೊಸದೇನಲ್ಲ. 1982ರಲ್ಲಿ ಬಂದ ಇಂಗ್ಲಿಷ್ ಮಕ್ಕಳ ಕಾದಂಬರಿ ‘ದ ಬಿ.ಎಫ್.ಜಿ.’ಯ ದೈತ್ಯನಿಗೆ ಲೇಖಕ ರೋಲ್ಡ್ ಡಾಲ್ ಮೊದಲು ಬರೆದಿದ್ದು ದೊಡ್ಡ ಕರಿ ಬೂಟು, ಚರ್ಮದ ಏಪ್ರನ್. ಚಿತ್ರ ಕಲಾವಿದ ಕ್ವೆಂಟಿನ್ ಬ್ಲೇಕ್ ಹಾಗೇ ಬಿಡಿಸಿದರು. ಚಿತ್ರ ನೋಡಿದಾಗ ಬರೆದವರಿಗೇ ಅದು ಒಗ್ಗಲಿಲ್ಲ. ಕೊನೆಗೆ ಡಾಲ್ ತಮ್ಮದೇ ಒಂದು ಸ್ಯಾಂಡಲ್ ಅನ್ನು ಅಂಚೆಯಲ್ಲಿ ಬ್ಲೇಕ್ ಅವರಿಗೆ ಕಳಿಸಿದರು. ಪುಸ್ತಕದಲ್ಲಿ ದೈತ್ಯನ ಕಾಲಲ್ಲಿರುವುದು ಅದೇ.

ಇನ್ನು ಬೆಕ್ಕು. ನನಗಂತೂ ತುಂಬಾ ಇಷ್ಟವಾಯ್ತು! ಓದಲು ಬಾರದ ಮಗು, ದೊಡ್ಡವರು ಅಕ್ಷರ ಓದುವಷ್ಟರಲ್ಲಿ ಚಿತ್ರವನ್ನೆಲ್ಲ ಜಾಲಾಡಿರುತ್ತೆ. ಮೂರನೇ ಪುಟದಲ್ಲಿ ಬೆಕ್ಕಿನ ಬಾಯಲ್ಲಿ ಶೂ ಲೇಸಿನ ತುದಿ ಇದೆ, ಗಮನಿಸಿದಿರಾ? ಮಗು ಗಮನಿಸುತ್ತೆ. ಹುಡುಗಿಗೆ ಗೊತ್ತಿಲ್ಲದ್ದು, ಓದಿ ಹೇಳುತ್ತಿರುವವರಿಗೂ ಗೊತ್ತಾಗದ್ದು, ತನಗೆ ಗೊತ್ತು ಅಂತ ಅದಕ್ಕೆ ಖುಷಿಯೋ ಖುಷಿ. ಅದನ್ನೇ ಮಾತಲ್ಲಿ ಬರೆದಿದ್ದರೆ ಗುಟ್ಟು ಅಲ್ಲೇ ಮುಗಿಯುತ್ತಿತ್ತು.

ಆದರೆ ಒಂದು ಕಡೆ ಕಲಾವಿದರು ಆತುರಪಟ್ಟಿದ್ದಾರೆ. 14ನೇ ಪುಟದಲ್ಲಿ ಮಂಚದ ಕೆಳಗೆ ಇಡೀ ಶೂ ಕಾಣಿಸುತ್ತಿದೆ. ಕಥೆಯಲ್ಲಿ ಅದು ಸಿಗುವುದು 28ರಲ್ಲಿ. ದೊಡ್ಡ ಹಾಳೆಯನ್ನು ಮಡಚಿ 8 ಅಥವಾ 16 ಪುಟ ಮಾಡುವುದರಿಂದ, ಚಿತ್ರಪುಸ್ತಕ ಸಾಮಾನ್ಯವಾಗಿ 24 ಅಥವಾ 32 ಪುಟಕ್ಕೆ ನಿಲ್ಲುತ್ತೆ. ಶೀರ್ಷಿಕೆ ಪುಟ, ಮುದ್ರಣದ ವಿವರ ಕಳೆದರೆ ಉಳಿಯುವ ಜಾಗ ಸ್ವಲ್ಪವೇ. ಹಾಗಾಗಿ ಪುಟ ತಿರುಗಿಸುವ ಆ ಕ್ಷಣವೇ ಅಚ್ಚರಿ ಇಡುವ ಜಾಗ. 27ರಲ್ಲಿ ಹುಡುಗಿ ಬಗ್ಗಿ ನೋಡಬೇಕು, ತಿರುಗಿಸಿದರೆ ಶೂ ಸಿಗಬೇಕು. ಬಿಳಿ ಹಾಳೆ ಮಡಚಿ, ಪಿನ್ ಹೊಡೆದು, ಮಾತು ಅಂಟಿಸಿ ಒಂದು ಡಮ್ಮಿ, ಅಂದರೆ ಮಾದರಿ ಪುಸ್ತಕ ಮಾಡಿ. ಯಾವ ಗುಟ್ಟು ಎಲ್ಲಿ ಬಿಚ್ಚುತ್ತಿದೆ ಅಂತ ಕೈಗೇ ಗೊತ್ತಾಗುತ್ತೆ.

ಫೋನ್ ನಂಬರ್ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬಹಳಷ್ಟು ಪ್ರಕಾಶಕರು ಇಬ್ಬರ ನಡುವೆ ಸಂಪಾದಕರನ್ನೋ ಕಲಾ ನಿರ್ದೇಶಕರನ್ನೋ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ದಿನಕ್ಕೊಂದು ಸಲಹೆ ಹೋಗುತ್ತೆ, ಕಲಾವಿದರ ಕೈ ಕಟ್ಟಿ ಹಾಕಿದಂತಾಗುತ್ತೆ. ಜೊತೆಯಲ್ಲೇ ಕೂತು ಪುಸ್ತಕ ಮಾಡುವ ಜೋಡಿಗಳೂ ಇವೆ, ಆದರೆ ಅದಕ್ಕೆ ಹಳೆಯ ಸಲುಗೆ ಬೇಕು. 14ನೇ ಪುಟದ ಮಾತನ್ನು ನಿಮ್ಮ ಸಂಪಾದಕರಿಗೆ ಈಗಲೇ ಬರೆಯಿರಿ. ಪೆನ್ಸಿಲ್ ಆದರೆ ರಬ್ಬರ್ ಸಾಕು, ಬಣ್ಣ ಬಿದ್ದ ಮೇಲೆ ಇಡೀ ಚಿತ್ರ ಮತ್ತೆ ಬಿಡಿಸಬೇಕು. ‘ಶೂ ತೆಗೆಯಿರಿ’ ಅನ್ನಬೇಡಿ. ‘ಗುಟ್ಟು ಬೇಗ ಬಯಲಾಗ್ತಿದೆ’ ಅಂತ ಹೇಳಿ. ದಾರಿ ಅವರೇ ಹುಡುಕಲಿ.

ಮುಖಪುಟದಲ್ಲಿ ಹೆಸರು ಹೇಗೆ ಅಂತಲೂ ಕೇಳಿದ್ದೀರಿ. ಇಬ್ಬರದ್ದೂ ಇರಲಿ, ಒಂದೇ ಅಳತೆಯ ಅಕ್ಷರದಲ್ಲಿ.